ಅಂಗಾಲಿನಲ್ಲಿ ಶ್ವಾಸಕೋಶ ಇಲ್ಲ

ಅಹಮದಾಬಾದಿನ ನವರಂಗಪುರದಲ್ಲಿ ಕೋಚಿಂಗ್ ಕ್ಲಾಸುಗಳ ಬೋರ್ಡುಗಳ ನಡುವೆ ಇನ್ನೊಂದು ಜಾತಿಯ ಬೋರ್ಡು ಕಣ್ಣಿಗೆ ಬೀಳುತ್ತದೆ. ದೊಡ್ಡದೊಂದು ಪಾದದ ಚಿತ್ರ, ಅದರ ತುಂಬ ಬಣ್ಣಬಣ್ಣದ ಚುಕ್ಕೆಗಳು. ಹೆಬ್ಬೆರಳಲ್ಲಿ ಮೆದುಳು, ಅಂಗಾಲಿನ ನಡುವೆ ಮೂತ್ರಪಿಂಡ, ಬೆರಳುಗಳ ಬುಡದಲ್ಲಿ ಶ್ವಾಸಕೋಶ. ಕೆಳಗೆ ಗುಜರಾತಿಯಲ್ಲಿ ಮೊಣಕಾಲು ನೋವಿನಿಂದ ಮಧುಮೇಹದವರೆಗೆ ಒಂದು ಪಟ್ಟಿ. ಆ ಪಟ್ಟಿಯಲ್ಲಿ ‘ದಮ್’ ಇದ್ದೇ ಇರುತ್ತದೆ. ದಮ್ ಅಂದರೆ ನಮ್ಮ ಉತ್ತರ ಕರ್ನಾಟಕದವರ ದಮ್ಮು, ಹಳೇ ಮೈಸೂರಿನವರ ಗೂರಲು, ಪುಸ್ತಕದ ಉಬ್ಬಸ, ಡಾಕ್ಟರ ಅಸ್ತಮಾ. ಕೆಲವು ಕಡೆ ಅದರ ಪಕ್ಕದಲ್ಲಿ ಇನ್ನೆರಡು ಪದ ಸೇರಿರುತ್ತವೆ: ‘ಪಂಪ್ ಛೋಡೋ’. ಪಂಪ್ ಬಿಡಿ.

ನನ್ನ ಜಗಳ ಇರುವುದು ಈ ಎರಡು ಪದಗಳ ಜೊತೆ.

ಪಂಪ್ ಅಂದರೆ ಇನ್ಹೇಲರ್. ಇಲ್ಲಿನ ಗುಜರಾತಿಗಳೂ ಹಾಗೇ ಅನ್ನುತ್ತಾರೆ, ನಮ್ಮ ಕನ್ನಡದ ಮನೆಗಳಲ್ಲೂ ಹಾಗೇ ಅನ್ನುತ್ತಾರೆ. ಕಾಲು ಒತ್ತಿಸಿಕೊಳ್ಳುವುದಕ್ಕೆ, ಬೆನ್ನು ತಿಕ್ಕಿಸಿಕೊಳ್ಳುವುದಕ್ಕೆ, ಅಂಗೈಯಲ್ಲಿ ಮುಳ್ಳುರುಳೆ ಉರುಳಿಸುವುದಕ್ಕೆ ನನ್ನ ಆಕ್ಷೇಪವಿಲ್ಲ. ಬೆಳಿಗ್ಗೆ ಉದ್ಯಾನದಲ್ಲಿ ಬೆಣಚುಕಲ್ಲಿನ ಹಾದಿಯ ಮೇಲೆ ಬರಿಗಾಲಲ್ಲಿ ‘ಆಹ್ ಓಹ್’ ಅನ್ನುತ್ತ ನಡೆಯುವ ಹಿರಿಯರನ್ನು ಕಂಡರೆ ನನಗೆ ಖುಷಿಯೇ. ಸ್ಪರ್ಶದಿಂದ ಮನಸ್ಸಿಗೆ ಹಿತವಾಗುತ್ತದೆ, ಹೆದರಿಕೆ ಇಳಿಯುತ್ತದೆ. ಆದರೆ ಮುಚ್ಚಿಕೊಳ್ಳುತ್ತಿರುವ ಶ್ವಾಸನಾಳ ಅದರಿಂದ ತೆರೆಯುವುದಿಲ್ಲ. ಈ ವ್ಯತ್ಯಾಸವನ್ನು ಮುಚ್ಚಿಟ್ಟು ‘ಔಷಧ ನಿಲ್ಲಿಸಿ’ ಅನ್ನುವವನು ಎಷ್ಟೇ ಸಜ್ಜನನಾಗಿರಲಿ, ಎಷ್ಟೇ ಮೃದುವಾಗಿ ಮಾತಾಡಲಿ, ಅವನು ಮಾಡುತ್ತಿರುವುದು ಅಪರಾಧ ಎಂದೇ ನನ್ನ ವಾದ.

ಮೊದಲು ಆ ಪಾದದ ನಕ್ಷೆ ಎಲ್ಲಿಂದ ಬಂತು ನೋಡೋಣ. ಕೇಳಿದರೆ ಐದು ಸಾವಿರ ವರ್ಷ, ಋಷಿಮುನಿಗಳು, ಕಾಲುಂಗುರದ ವಿಜ್ಞಾನ ಎಂಬ ಉತ್ತರ ಸಿಗುತ್ತದೆ. ಬೋರ್ಡಿನ ಮೇಲಿರುವ ನಕ್ಷೆಯ ವಯಸ್ಸು ಅಷ್ಟಿಲ್ಲ. ಅಮೆರಿಕದ ಹಾರ್ಟ್‌ಫರ್ಡ್ ಊರಿನ ಕಿವಿ-ಮೂಗು-ಗಂಟಲು ವೈದ್ಯ ವಿಲಿಯಂ ಫಿಟ್ಜೆರಾಲ್ಡ್ ದೇಹವನ್ನು ಉದ್ದಕ್ಕೆ ಹತ್ತು ವಲಯಗಳಾಗಿ ಗೀಟೆಳೆದು ‘ಝೋನ್ ಥೆರಪಿ’ ಎಂದು ಕರೆದು, ಎಡ್ವಿನ್ ಬೋವರ್ಸ್ ಜೊತೆ 1917ರಲ್ಲಿ ಪುಸ್ತಕ ಬರೆದ. ಅದನ್ನು ಪಾದಕ್ಕೆ ಇಳಿಸಿ ಅಂಗಾಲಿನ ತುಂಬ ಅಂಗಾಂಗ ಕೂರಿಸಿದವಳು ಯೂನಿಸ್ ಇಂಗಮ್ ಎಂಬ ಅಮೆರಿಕದ ಹೆಣ್ಣುಮಗಳು. ಅವಳ ಪುಸ್ತಕ ಬಂದದ್ದು 1938ರಲ್ಲಿ. ಸುಜೋಕ್ ಇನ್ನೂ ಚಿಕ್ಕದು. ಕೊರಿಯಾದ ಪಾರ್ಕ್ ಜೇ ವೂ 1980ರ ದಶಕದಲ್ಲಿ ರೂಪಿಸಿದ ಪದ್ಧತಿ ಅದು. ಹೊಸದಾದ್ದರಿಂದ ಸುಳ್ಳು ಅನ್ನುತ್ತಿಲ್ಲ. ಇನ್ಹೇಲರ್ ಕೂಡ ಹೊಸದೇ. ಆದರೆ ‘ನಮ್ಮ ಪರಂಪರೆ’ ಎಂಬ ಮುದ್ರೆ ಒತ್ತಿ ಪ್ರಶ್ನೆ ಕೇಳುವವರ ಬಾಯಿ ಮುಚ್ಚಿಸುವುದು ಇದೆಯಲ್ಲ, ಅದು ತಪ್ಪು.

ಇನ್ನೊಂದು ತಮಾಷೆ ನೋಡಿ. ರಿಫ್ಲೆಕ್ಸಾಲಜಿಯ ಕೈ ನಕ್ಷೆಯಲ್ಲಿ ಶ್ವಾಸಕೋಶ ಇರುವುದು ನಾಲ್ಕು ಬೆರಳುಗಳ ಬುಡದ ಕೆಳಗೆ. ಸುಜೋಕ್ ನಕ್ಷೆಯಲ್ಲಿ ಹೆಬ್ಬೆರಳೇ ತಲೆ, ಅದರ ಬುಡದ ಉಬ್ಬು ಎದೆ. ಹಾಗಾಗಿ ಶ್ವಾಸಕೋಶ ಅಲ್ಲಿ. ಚೀನೀ ಪದ್ಧತಿಯ ಶ್ವಾಸಕೋಶದ ‘ಮೆರಿಡಿಯನ್’ ಎದೆಯಿಂದ ಹೊರಟು ತೋಳಿನ ಒಳಬದಿಯಲ್ಲಿ ಇಳಿದು ಹೆಬ್ಬೆರಳಿನ ತುದಿಗೆ ಬಂದು ನಿಲ್ಲುತ್ತದೆ. ಒಂದೇ ಕೈಯಲ್ಲಿ ಒಂದು ಅಂಗಕ್ಕೆ ಮೂರು ವಿಳಾಸ. ನವರಂಗಪುರದ ಒಂದೇ ಕಾಂಪ್ಲೆಕ್ಸಿನಲ್ಲಿ ಈ ಮೂವರೂ ಬಾಡಿಗೆಗೆ ಕೂತರೆ ಒಬ್ಬರ ನಕ್ಷೆ ಇನ್ನೊಬ್ಬರದನ್ನು ತಪ್ಪು ಅನ್ನಬೇಕು. ಆದರೆ ಯಾರೂ ಯಾರನ್ನೂ ತಪ್ಪು ಅನ್ನುವುದಿಲ್ಲ. ಮೂವರ ಹತ್ತಿರವೂ ಜನಕ್ಕೆ ‘ಆರಾಮ’ ಆಗುತ್ತದೆ. ಎಲ್ಲಿ ಒತ್ತಿದರೂ ಅದೇ ಆರಾಮ ಸಿಗುವುದಾದರೆ, ಆರಾಮ ಕೊಡುತ್ತಿರುವುದು ಬಿಂದುವೋ ಅಥವಾ ಒತ್ತುವ ಕೈಯೋ?

ಈ ಪ್ರಶ್ನೆಯನ್ನು ಹರಟೆಯಲ್ಲಿ ಬಗೆಹರಿಸಬೇಕಾಗಿಲ್ಲ. ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಡೆನ್ಮಾರ್ಕಿನಲ್ಲಿ 40 ಅಸ್ತಮಾ ರೋಗಿಗಳನ್ನು ಎರಡು ಗುಂಪು ಮಾಡಿ, ಹತ್ತು ವಾರ ಒಂದು ಗುಂಪಿಗೆ ನಿಜವಾದ ರಿಫ್ಲೆಕ್ಸಾಲಜಿ, ಇನ್ನೊಂದಕ್ಕೆ ಸುಮ್ಮನೆ ತೋರಿಕೆಯ ಪಾದ ಒತ್ತಾಟ ಕೊಟ್ಟರು. 2001ರಲ್ಲಿ ಬಂದ ಫಲಿತಾಂಶ: ಶ್ವಾಸಕೋಶದ ಅಳತೆಯಲ್ಲಿ ಯಾರಿಗೂ ಬದಲಾವಣೆಯಿಲ್ಲ, ‘ಹಗುರಾಯಿತು’ ಅಂದವರು ಎರಡೂ ಗುಂಪಿನಲ್ಲಿ ಸರಿಸಮ. ಕೆನಡಾದಲ್ಲಿ 80 ಮಕ್ಕಳಿಗೆ ನಾಲ್ಕು ತಿಂಗಳು ಬೆನ್ನುಮೂಳೆ ನೆಟಿಗೆ ತೆಗೆಯುವ ಕೈರೋಪ್ರಾಕ್ಟಿಕ್ ಮಾಡಿ ನೋಡಿದರು, ಅರ್ಧ ಮಕ್ಕಳಿಗೆ ನಿಜವಾದದ್ದು, ಅರ್ಧ ಮಕ್ಕಳಿಗೆ ನಟನೆ. 1998ರಲ್ಲಿ ಪ್ರಕಟವಾದ ಆ ವರದಿಯೂ ಹೇಳಿದ್ದು ಇದನ್ನೇ: ಎರಡೂ ಕಡೆ ಮಕ್ಕಳು ಒಂದಿಷ್ಟು ಸುಧಾರಿಸಿದರು, ನಿಜದ್ದಕ್ಕೂ ನಟನೆಗೂ ವ್ಯತ್ಯಾಸ ಕಾಣಲಿಲ್ಲ.

ಎಲ್ಲಕ್ಕಿಂತ ಕಣ್ಣು ತೆರೆಸುವುದು ಅಮೆರಿಕದ ಬಾಸ್ಟನ್ನಿನ ಸಂಶೋಧಕರು 2011ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟಿಸಿದ ಪ್ರಯೋಗ. 39 ರೋಗಿಗಳು, ಪ್ರತಿಯೊಬ್ಬರಿಗೂ ಬೇರೆ ಬೇರೆ ದಿನ ನಾಲ್ಕು ಬಗೆಯ ಉಪಚಾರ: ಸಾಲ್ಬುಟಮಾಲ್ ಇರುವ ಪಂಪ್, ಔಷಧವಿಲ್ಲದ ಖಾಲಿ ಪಂಪ್, ಚುಚ್ಚದೆ ಚುಚ್ಚಿದಂತೆ ಮಾಡುವ ಸುಳ್ಳು ಅಕ್ಯುಪಂಕ್ಚರ್, ಮತ್ತು ಏನೂ ಮಾಡದೆ ಕೂರಿಸುವುದು. ಆಮೇಲೆ ‘ಎಷ್ಟು ಹಗುರಾಯಿತು?’ ಎಂದು ಕೇಳಿದರು. ನಿಜವಾದ ಪಂಪಿಗೆ ಶೇ. 50ರಷ್ಟು ಸುಧಾರಣೆ ಅಂದರು. ಖಾಲಿ ಪಂಪಿಗೆ ಶೇ. 45, ಸುಳ್ಳು ಅಕ್ಯುಪಂಕ್ಚರಿಗೆ ಶೇ. 46, ಸುಮ್ಮನೆ ಕೂತದ್ದಕ್ಕೆ ಶೇ. 21. ಇಷ್ಟಕ್ಕೇ ನಿಲ್ಲಿಸಿದ್ದರೆ ಸುಳ್ಳು ಅಕ್ಯುಪಂಕ್ಚರ್ ಔಷಧಕ್ಕೆ ಸಮ ಎಂದಾಗುತ್ತಿತ್ತು. ಆದರೆ ಅವರು ಯಂತ್ರಕ್ಕೆ ಊದಿಸಿಯೂ ನೋಡಿದರು. ಒಂದು ಸೆಕೆಂಡಿನಲ್ಲಿ ಹೊರಬೀಳುವ ಗಾಳಿ ನಿಜವಾದ ಪಂಪಿನಿಂದ ಶೇ. 20ರಷ್ಟು ಹೆಚ್ಚಿತ್ತು. ಉಳಿದ ಮೂರರಲ್ಲೂ ಸುಮಾರು ಶೇ. 7. ಅಂದರೆ ಸುಳ್ಳು ಅಕ್ಯುಪಂಕ್ಚರ್ ಮಾಡಿಸಿಕೊಂಡು ‘ಅರ್ಧ ವಾಸಿಯಾಯಿತು’ ಅಂದವರ ಶ್ವಾಸನಾಳ, ಸುಮ್ಮನೆ ಕುರ್ಚಿಯಲ್ಲಿ ಕೂತಿದ್ದಾಗ ಎಷ್ಟು ತೆರೆದಿತ್ತೋ ಅಷ್ಟೇ ತೆರೆದಿತ್ತು.

ಅವರು ಸುಳ್ಳು ಹೇಳಲಿಲ್ಲ. ಅವರಿಗೆ ನಿಜಕ್ಕೂ ಹಗುರಾಗಿತ್ತು. ಅಪಾಯ ಇರುವುದು ಅಲ್ಲೇ.

ಸಾಫ್ಟ್‌ವೇರ್ ಪ್ರಾಜೆಕ್ಟು ನಡೆಸುವ ನಮ್ಮ ಕಸುಬಿನಲ್ಲಿ ವಾರದ ಕೊನೆಗೆ ಸ್ಟೇಟಸ್ ರಿಪೋರ್ಟ್ ಎಂಬುದೊಂದಿರುತ್ತದೆ. ಎಲ್ಲ ಸರಿಯಿದ್ದರೆ ಹಸಿರು, ಕೆಟ್ಟಿದ್ದರೆ ಕೆಂಪು. ಕೆಲವು ರಿಪೋರ್ಟುಗಳನ್ನು ನಾವು ಕಲ್ಲಂಗಡಿ ಅನ್ನುತ್ತೇವೆ: ಮೇಲೆ ಹಸಿರು, ಕೊಯ್ದರೆ ಕೆಂಪು. ಕೆಂಪು ರಿಪೋರ್ಟ್ ಬಂದ ಪ್ರಾಜೆಕ್ಟನ್ನು ಹೇಗೋ ಉಳಿಸಬಹುದು, ಎಲ್ಲರೂ ಎಚ್ಚರಾಗಿರುತ್ತಾರೆ. ಮುಳುಗಿಸುವುದು ಕಲ್ಲಂಗಡಿ. ಅಸ್ತಮಾದಲ್ಲಿ ‘ಆರಾಮ ಇದೆ’ ಎಂಬ ಭಾವನೆ ಎಷ್ಟೋ ಸಲ ಕಲ್ಲಂಗಡಿ. ಶ್ವಾಸನಾಳದ ಒಳಪದರ ಬಾತಿರುತ್ತದೆ, ಸುತ್ತಲಿನ ಸ್ನಾಯು ಬಿಗಿದಿರುತ್ತದೆ, ಕಫ ಗಟ್ಟಿಯಾಗಿ ದಾರಿ ಕಟ್ಟಿರುತ್ತದೆ. ಆದರೂ ವರ್ಷಗಟ್ಟಲೆ ಇದರ ಜೊತೆ ಬಾಳಿದವರಿಗೆ ಕಡಿಮೆ ಉಸಿರೇ ಅಭ್ಯಾಸವಾಗಿ, ಎಷ್ಟು ಕಡಿಮೆಯಾಗಿದೆ ಎಂಬುದು ಗೊತ್ತಾಗುವುದೇ ಇಲ್ಲ. ಇನ್ನೂ ಕ್ರೂರವಾದ ಸಂಗತಿಯೊಂದಿದೆ. ದಾಳಿ ತೀರ ಜೋರಾದಾಗ ಎದೆಯ ಸಿಳ್ಳೆ ಸದ್ದು ನಿಂತುಹೋಗುತ್ತದೆ. ಸದ್ದು ಮಾಡುವಷ್ಟು ಗಾಳಿಯೂ ಓಡಾಡುತ್ತಿಲ್ಲ ಎಂದು ಅದರ ಅರ್ಥ. ಪಕ್ಕದಲ್ಲಿ ಕೂತವರು ‘ಅಬ್ಬಾ, ಗೊರಗೊರ ನಿಂತಿತು’ ಎಂದು ನಿಟ್ಟುಸಿರು ಬಿಡುವ ಹೊತ್ತಿಗೆ ರೋಗಿ ಸಾವಿನ ಬಾಗಿಲಲ್ಲಿ ಇರುತ್ತಾನೆ.

ಬ್ರಿಟನ್ನಿನಲ್ಲಿ ಅಸ್ತಮಾದಿಂದ ಸತ್ತ 195 ಮಂದಿಯ ದಾಖಲೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿ 2014ರಲ್ಲಿ ವರದಿ ಮಾಡಿದರು. ಅವರಲ್ಲಿ ಶೇ. 45 ಮಂದಿ ವೈದ್ಯರ ನೆರವು ಕೇಳದೆ, ಅಥವಾ ನೆರವು ಬರುವ ಮೊದಲೇ ತೀರಿಕೊಂಡಿದ್ದರು. ಮನೆಮನೆಗೆ ಡಾಕ್ಟರು, ಬಿಟ್ಟಿ ಆಸ್ಪತ್ರೆ ಇರುವ ದೇಶದ ಮಾತಿದು. ಅಲ್ಲಿಯೇ ಹೀಗಾದರೆ, ‘ಇನ್ನೊಂದು ಸಿಟ್ಟಿಂಗ್ ಆಗಲಿ, ನೋಡೋಣ’ ಎಂದು ಕಾಯುವ ನಮ್ಮಲ್ಲಿ?

ನಾನಿರುವ ಹೌಸಿಂಗ್ ಸೊಸೈಟಿಯಲ್ಲಿ ದಾವಣಗೆರೆ ಕಡೆಯ ಒಂದು ಕುಟುಂಬ ಇತ್ತು. ಹುಡುಗನಿಗೆ ಹನ್ನೊಂದು ವರ್ಷ, ದಿನವೂ ಬೆಳಿಗ್ಗೆ ರಾತ್ರಿ ತೆಗೆದುಕೊಳ್ಳುವ ತಡೆ-ಪಂಪ್ ಇತ್ತು, ಚೆನ್ನಾಗಿ ಕ್ರಿಕೆಟ್ ಆಡಿಕೊಂಡಿದ್ದ. ಯಾರೋ ಹೇಳಿದರೆಂದು ಪಾಯಿಂಟ್ ಒತ್ತುವವರ ಬಳಿ ಕರೆದುಕೊಂಡು ಹೋದರು. ಎರಡು ತಿಂಗಳು ಕಳೆದ ಮೇಲೆ ಅಲ್ಲಿ ಪಂಪ್ ಬಿಡಿಸಿದರು. ಮೊದಲ ಕೆಲವು ವಾರ ಏನೂ ಆಗಲಿಲ್ಲ. ಆಗುವುದೂ ಇಲ್ಲ, ತಡೆ-ಪಂಪಿನ ಔಷಧ ಬಾವನ್ನು ನಿಧಾನಕ್ಕೆ ಇಳಿಸಿರುತ್ತದೆ, ಬಿಟ್ಟ ಮೇಲೆ ಬಾವು ಮತ್ತೆ ನಿಧಾನಕ್ಕೇ ಏರುತ್ತದೆ. ಆ ಖಾಲಿ ವಾರಗಳೇ ಇಂಥವರ ಬಂಡವಾಳ. ‘ನೋಡಿ ಸರ್, ಪಂಪ್ ಇಲ್ಲದೇ ಹೆಂಗಿದಾನೆ’ ಎಂದು ಆ ತಂದೆ ಲಿಫ್ಟಿನಲ್ಲಿ ಸಿಕ್ಕಾಗ ನನಗೇ ತೋರಿಸಿದ್ದರು. ಉತ್ತರಾಯಣದ ವಾರ, ಚಳಿ, ಧೂಳು, ಮಾಳಿಗೆಯ ಮೇಲೆ ದಿನವಿಡೀ ಗಾಳಿಪಟ. ಕೆಮ್ಮು ಶುರುವಾಯಿತು. ಫೋನಿನಲ್ಲಿ ಬಂದ ಉತ್ತರ: ‘ಜೂನೋ ಕಫ್ ನೀಕಳೇ ಛೇ’, ಹಳೇ ಕಫ ಹೊರಗೆ ಬರುತ್ತಿದೆ, ಒಳ್ಳೆಯದೇ. ಮೂರನೇ ರಾತ್ರಿ ಸಿಳ್ಳೆ ಸದ್ದು ನಿಂತಿತು. ತಾಯಿ ನಿದ್ದೆ ಹತ್ತಿತು ಅಂದುಕೊಂಡರು. ತುಟಿ ನೀಲಿಯಾದದ್ದನ್ನು ತಂದೆ ಕಂಡು 108ಕ್ಕೆ ಫೋನ್ ಮಾಡಿದ್ದರಿಂದ ಹುಡುಗ ಉಳಿದ. ನಾಲ್ಕು ದಿನ ಆಸ್ಪತ್ರೆ. ಪಂಪ್ ಬಿಡಿಸಿದವರು ನೋಡಲು ಬರಲಿಲ್ಲ. ಅವರ ಬೋರ್ಡಿನಲ್ಲಿ ಆ ಎರಡು ಪದ ಈಗಲೂ ಹಾಗೇ ಇವೆ.

‘ಆದರೆ ನಮ್ಮ ಅತ್ತೆಗೆ ನಿಜವಾಗಲೂ ಗುಣವಾಯಿತಲ್ಲ?’ ಎಂದು ಕೇಳುವವರಿದ್ದಾರೆ. ಅವರ ಮಾತನ್ನು ತಳ್ಳಿಹಾಕುವುದಿಲ್ಲ, ಕ್ಯಾಲೆಂಡರ್ ನೋಡಿ ಅನ್ನುತ್ತೇನೆ. ಅಸ್ತಮಾ ಏರಿಳಿಯುವ ಕಾಯಿಲೆ. ಅಹಮದಾಬಾದಿನಲ್ಲಿ ದೀಪಾವಳಿಯ ಹೊಗೆಯಿಂದ ಹಿಡಿದು ಜನವರಿಯ ತನಕ ಗಾಳಿ ಕೆಡುತ್ತದೆ, ಚಳಿಯಲ್ಲಿ ಹೊಗೆ ನೆಲದ ಹತ್ತಿರವೇ ಕೂರುತ್ತದೆ. ಊರಿನಿಂದ ಬಂದ ಹಿರಿಯರಿಗೆ ಉಸಿರು ಕಟ್ಟುವುದು ಆಗ. ತಡೆಯಲಾಗದೆ ಪಾಯಿಂಟ್ ಒತ್ತಿಸಲು ಹೋಗುವುದೂ ಆಗ. ಇಪ್ಪತ್ತು ಸಿಟ್ಟಿಂಗ್ ಮುಗಿಯುವ ಹೊತ್ತಿಗೆ ಮಾರ್ಚ್ ಬಂದಿರುತ್ತದೆ, ಗಾಳಿ ಬೆಚ್ಚಗಾಗಿರುತ್ತದೆ, ಉಸಿರು ತಾನೇ ಹಗುರಾಗಿರುತ್ತದೆ. ಕೀರ್ತಿ ಮಾತ್ರ ಹೆಬ್ಬೆರಳಿಗೆ ಹೋಗುತ್ತದೆ. ಅತ್ಯಂತ ಕೆಟ್ಟ ದಿನದಲ್ಲಿ ಶುರುಮಾಡಿದ ಯಾವ ಉಪಚಾರವಾದರೂ ಗೆದ್ದಂತೆ ಕಾಣುತ್ತದೆ. ಮೃಗಶಿರಾ ಮಳೆಯ ದಿನ ಹೈದರಾಬಾದಿನಲ್ಲಿ ಮೀನು ನುಂಗಿ ಬಂದವರ ಕತೆಗಳಿಗೂ ಇದೇ ಲೆಕ್ಕ.

ಸ್ಪರ್ಶದ ಪರವಾಗಿ ಪುರಾವೆಯೇ ಇಲ್ಲ ಎಂದೂ ನಾನು ಹೇಳುವುದಿಲ್ಲ. ಅಮೆರಿಕದ ಮಯಾಮಿಯಲ್ಲಿ 1998ರಲ್ಲಿ 32 ಮಕ್ಕಳ ಮೇಲೆ ಒಂದು ಸಣ್ಣ ಅಧ್ಯಯನ ನಡೆಯಿತು. ಅಪ್ಪ ಅಥವಾ ಅಮ್ಮ ಮಲಗುವ ಮುಂಚೆ ಇಪ್ಪತ್ತು ನಿಮಿಷ ಮಗುವಿನ ಮೈ ತಿಕ್ಕುವುದು, ಒಂದು ತಿಂಗಳು. ಮಕ್ಕಳ ಆತಂಕ ಇಳಿಯಿತು, ಚಿಕ್ಕ ವಯಸ್ಸಿನವರ ಉಸಿರಿನ ಅಳತೆಯೂ ಒಂದಿಷ್ಟು ಸುಧಾರಿಸಿತು. ಸಂತೋಷ. ಆ ಫಲಕ್ಕೆ ಯಾವ ಬಿಂದುವೂ ಬೇಕಾಗಿರಲಿಲ್ಲ, ಯಾವ ನಕ್ಷೆಯೂ ಬೇಕಾಗಿರಲಿಲ್ಲ, ಹೆತ್ತವರ ಕೈ ಸಾಕಾಯಿತು. ನಮ್ಮ ಬೆಂಗಳೂರಿನ ನಾಗರತ್ನಾ ಮತ್ತು ನಾಗೇಂದ್ರ ಅವರು ಅಸ್ತಮಾಕ್ಕೆ ಯೋಗ ಕಲಿಸಿ, 53 ರೋಗಿಗಳನ್ನು ಯೋಗ ಮಾಡದ ಅಷ್ಟೇ ಜನರ ಜೊತೆ ಹೋಲಿಸಿ, 1985ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಅದನ್ನು ಒಪ್ಪುವವರೂ ಇರಬಹುದು, ಕೊರತೆ ಹುಡುಕುವವರೂ ಇರಬಹುದು. ಆದರೆ ಅವರು ತಮ್ಮ ನಂಬಿಕೆಯನ್ನು ಅಳತೆಗೆ ಒಡ್ಡಿದರು. ನವರಂಗಪುರದ ಬೋರ್ಡುಗಳವರಿಂದ ನಾನು ಕೇಳುವುದು ಅಷ್ಟೇ ನಿಯತ್ತು. ಪೀಕ್ ಫ್ಲೋ ಮೀಟರ್ ಎಂಬ ಪ್ಲಾಸ್ಟಿಕ್ ಕೊಳವೆ ಔಷಧದಂಗಡಿಯಲ್ಲಿ ಸಿಗುತ್ತದೆ, ಊದಿದರೆ ಮುಳ್ಳು ಎಷ್ಟಕ್ಕೆ ಹೋಯಿತು ಎಂದು ತೋರಿಸುತ್ತದೆ. ಒತ್ತುವ ಮುಂಚೆ ಒಂದು ಸಲ, ಒತ್ತಿದ ಮೇಲೆ ಒಂದು ಸಲ ಊದಿಸಿ ಬರೆದಿಡಿ. ಇಷ್ಟು ವರ್ಷದ ಅನುಭವ ಇದೆ ಅನ್ನುವವರು ಅದೊಂದು ಕೊಳವೆ ಏಕೆ ಇಟ್ಟುಕೊಂಡಿಲ್ಲ?

ಕಾನೂನು ಏನು ಮಾಡುತ್ತಿದೆ? 1945ರ ಔಷಧ ನಿಯಮಗಳಿಗೆ ಶೆಡ್ಯೂಲ್ ಜೆ ಎಂಬ ಪಟ್ಟಿ ಸೇರಿಸಿದ್ದಾರೆ. ಆ ಪಟ್ಟಿಯ ಕಾಯಿಲೆಗಳನ್ನು ವಾಸಿಮಾಡುತ್ತೇವೆ ಎಂದು ಯಾವ ಔಷಧವೂ ಹೇಳಿಕೊಳ್ಳುವಂತಿಲ್ಲ. ಅದರಲ್ಲಿ ಅಸ್ತಮಾ ಇದೆ. ಅಂದರೆ ಪಂಪ್ ತಯಾರಿಸುವ ಕಂಪನಿಯೇ ‘ಅಸ್ತಮಾ ವಾಸಿ’ ಎಂದು ಡಬ್ಬಿಯ ಮೇಲೆ ಬರೆಯುವ ಹಾಗಿಲ್ಲ. ಹೆಬ್ಬೆರಳು ಔಷಧವಲ್ಲವಲ್ಲ, ಅದಕ್ಕೆ ಈ ನಿಯಮದ ಕಾಟವಿಲ್ಲ. ಕೆಲಸ ಮಾಡುವ ಔಷಧ ಬಾಯಿ ಮುಚ್ಚಿಕೊಂಡಿರಬೇಕು, ಮಾಡದ್ದು ಮುಖ್ಯರಸ್ತೆಯಲ್ಲಿ ಕೂಗಬಹುದು.

ಗುಜರಾತಿನ ಹಳ್ಳಿಗಾಡಿನಲ್ಲಿ, ಅದರಲ್ಲೂ ಆದಿವಾಸಿ ಸೀಮೆಯಲ್ಲಿ, ‘ಡಾಮ್’ ಎಂಬುದೊಂದಿದೆ. ಉಸಿರಿಗೆ ಒದ್ದಾಡುವ ಹಸುಗೂಸಿನ ಹೊಟ್ಟೆ ಎದೆಗೆ ಕಾದ ಕಬ್ಬಿಣ ಮುಟ್ಟಿಸುವುದು. ನಮ್ಮಲ್ಲಿ ಅದಕ್ಕೆ ಬರೆ ಹಾಕುವುದು ಅಂತಾರೆ. ಅಂಥ ಸುದ್ದಿ ಪತ್ರಿಕೆಯಲ್ಲಿ ಬಂದರೆ ನಾವು, ಓದಿದವರು, ಹಲ್ಲು ಕಚ್ಚುತ್ತೇವೆ. ಇವರನ್ನು ಒಳಗೆ ಹಾಕಬೇಕು ಅನ್ನುತ್ತೇವೆ. ಸರಿಯೇ. ಆದರೆ ಚರ್ಮದ ಮೇಲೆ ಇಂಥ ಜಾಗ ಮುಟ್ಟಿದರೆ ಒಳಗಿನ ಇಂಥ ಅಂಗ ಸರಿಹೋಗುತ್ತದೆ ಎಂಬ ನಂಬಿಕೆ ಎರಡರಲ್ಲೂ ಒಂದೇ. ಅಲ್ಲಿ ಕಬ್ಬಿಣ, ಇಲ್ಲಿ ಎ.ಸಿ. ಕೋಣೆ, ಮೆತ್ತನೆ ಟವೆಲ್. ಒತ್ತುವುದರಿಂದ ಗಾಯವಾಗುವುದಿಲ್ಲ ನಿಜ, ಎರಡರ ನೋವನ್ನು ನಾನು ಸಮ ಮಾಡುತ್ತಿಲ್ಲ. ಆದರೆ ಮಗುವನ್ನು ಆಸ್ಪತ್ರೆಯಿಂದ ದೂರ ಇಡುವ ಕೆಲಸವನ್ನು ಎರಡೂ ಮಾಡಬಲ್ಲವು.

ಹಾಗಾದರೆ ಎಂ.ಟೆಕ್. ಓದಿದ ನಮ್ಮಂಥವರ ಮನೆಯವರೂ ಅಲ್ಲಿಗೆ ಏಕೆ ಹೋಗುತ್ತಾರೆ? ಇದಕ್ಕೆ ಮೂಢನಂಬಿಕೆ ಎಂದು ಹೇಳಿ ಕೈತೊಳೆದುಕೊಳ್ಳುವುದು ಸೋಮಾರಿತನ. ಡಾಕ್ಟರ ಕೋಣೆಯನ್ನು ನೆನಪು ಮಾಡಿಕೊಳ್ಳಿ. ಮೂರು ನಿಮಿಷ. ಕಂಪ್ಯೂಟರ್ ಕಡೆ ಮುಖ. ಸ್ಟೆತೊಸ್ಕೋಪ್ ಅಂಗಿಯ ಮೇಲೇ ಒಂದು ಸಲ ಮುಟ್ಟಿ ಹೋಗುತ್ತದೆ. ಪಂಪ್ ಬರೆಯುತ್ತಾರೆ, ಹೇಗೆ ಅಲ್ಲಾಡಿಸಬೇಕು, ಯಾವಾಗ ಒತ್ತಬೇಕು, ಉಸಿರು ಎಷ್ಟು ಹೊತ್ತು ಹಿಡಿಯಬೇಕು ಎಂದು ತೋರಿಸುವವರು ಅಪರೂಪ. ಔಷಧ ನಾಲಿಗೆಗೆ ಬಡಿದು ಹೊಟ್ಟೆಗೆ ಹೋಗುತ್ತದೆ. ಆಮೇಲೆ ‘ಪಂಪ್ ಕೆಲಸ ಮಾಡಲ್ಲ’. ಅದೇ ಪಾಯಿಂಟ್ ಒತ್ತುವವರು ನಲವತ್ತು ನಿಮಿಷ ಪಾದ ತೊಡೆಯ ಮೇಲಿಟ್ಟುಕೊಂಡು ನಿದ್ದೆ ಹೇಗೆ, ಮಗ ಫೋನ್ ಮಾಡುತ್ತಾನಾ ಎಂದು ಕೇಳುತ್ತಾರೆ. ನಮ್ಮಲ್ಲಿ ‘ಕೈಗುಣ’ ಎಂಬ ಮಾತು ಹುಟ್ಟಿದ್ದೇ ನಾಡಿ ಹಿಡಿದು ಮಾತಾಡಿಸುತ್ತಿದ್ದ ವೈದ್ಯರಿಂದ. ಡಾಕ್ಟರುಗಳು ಕೈ ತೆಗೆದುಬಿಟ್ಟರು, ಆ ಖಾಲಿ ಜಾಗದಲ್ಲಿ ಇವರು ಕೈ ಇಟ್ಟರು. ಊರು ಬಿಟ್ಟು ಬಂದ ನಮ್ಮ ಪಾಡು ಇನ್ನೂ ಒಂದು ಕೈ ಕಮ್ಮಿ. ಊರಲ್ಲಾದರೆ ಚಿಕ್ಕಮ್ಮನೋ ಪಕ್ಕದ ಮನೆ ಅಜ್ಜಿಯೋ ಎದೆಗೆ ಬೆಚ್ಚನೆ ಎಣ್ಣೆ ಸವರುತ್ತಿದ್ದರು. ಇಲ್ಲಿ ಅದಕ್ಕೂ ಅಪಾಯಿಂಟ್‌ಮೆಂಟ್. ಆದರೆ ಒಂದು ವ್ಯತ್ಯಾಸ ಮರೆಯಬಾರದು. ಎಣ್ಣೆ ಸವರಿದ ಅಜ್ಜಿ ‘ಇನ್ನು ಡಾಕ್ಟರ ಮಾತ್ರೆ ಎಸೆ’ ಎಂದಿರಲಿಲ್ಲ.

ಇನ್ನೊಂದು ಕಾರಣ ಭಯ. ‘ಪಂಪ್ ಒಂದ್ಸಲ ಹಿಡಿದರೆ ಬಿಡಕ್ಕಾಗಲ್ಲ’, ‘ಅದರಲ್ಲಿ ಸ್ಟೀರಾಯ್ಡ್ ಇದೆ’, ‘ಹೆಣ್ಣುಮಗು, ನಾಳೆ ಸಂಬಂಧ ನೋಡುವಾಗ?’ ಈ ಕೊನೆಯದಕ್ಕೆ ಹೆದರಿ ಪರ್ಸಿನ ತಳದಲ್ಲಿ ಪಂಪ್ ಬಚ್ಚಿಡುವ ಹುಡುಗಿಯರು ಎಲ್ಲ ಆಫೀಸಿನಲ್ಲೂ ಇದ್ದಾರೆ. ಲೆಕ್ಕ ಹಾಕೋಣ. ತಡೆ-ಪಂಪಿನ ಒಂದು ಒತ್ತಿಗೆ ಸಾಮಾನ್ಯವಾಗಿ 200 ಮೈಕ್ರೋಗ್ರಾಂ ಬುಡೆಸೊನೈಡ್. ಐದು ಒತ್ತು ಸೇರಿದರೆ ಒಂದು ಮಿಲಿಗ್ರಾಂ. ಪಂಪ್ ಬಿಟ್ಟು ದಾಳಿ ಬಂದ ಮೇಲೆ ಕೊಡುವ ಸ್ಟೀರಾಯ್ಡ್ ಮಾತ್ರೆ ದೊಡ್ಡವರಿಗೆ ದಿನಕ್ಕೆ 40 ಮಿಲಿಗ್ರಾಂ ತನಕ ಹೋಗುತ್ತದೆ, ಅದು ಮೈಗೆಲ್ಲ ಹರಡುತ್ತದೆ. ಎರಡೂ ಬೇರೆ ಬೇರೆ ಔಷಧ, ಬೇರೆ ಬೇರೆ ಶಕ್ತಿ, ತೂಕವೊಂದನ್ನೇ ನೋಡಬಾರದು ನಿಜ. ಆದರೂ ಪಂಪಿನದು ನೇರ ಶ್ವಾಸನಾಳಕ್ಕೆ ಹೋಗುವ ಚಿಕ್ಕ ಪ್ರಮಾಣ, ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿದರೆ ಬಾಯಿಯ ತೊಂದರೆಯೂ ಬಹುಪಾಲು ಇರುವುದಿಲ್ಲ. ಸ್ಟೀರಾಯ್ಡಿಗೆ ಹೆದರಿ ಪಂಪ್ ಬಿಟ್ಟವರು ಕೊನೆಗೆ ಹೆಚ್ಚು ಸ್ಟೀರಾಯ್ಡನ್ನೇ ನುಂಗುತ್ತಾರೆ.

ನಮ್ಮ ದೇಶದ ಸ್ಥಿತಿ ಹೇಗಿದೆ ಎಂದು ತಿಳಿಯಲು ಮೈಸೂರೂ ಸೇರಿ ಒಂಬತ್ತು ಊರುಗಳಲ್ಲಿ ಸುಮಾರು 1,27,000 ಮಕ್ಕಳು, ಹೆತ್ತವರನ್ನು ವಿಚಾರಿಸಿದ ಸಮೀಕ್ಷೆ 2022ರಲ್ಲಿ ಪ್ರಕಟವಾಯಿತು. ಸಿಳ್ಳೆ ಉಸಿರು ಇರುವವರಲ್ಲಿ ಶೇ. 82ರವರೆಗೆ ಅಸ್ತಮಾ ಎಂದು ಯಾರೂ ಗುರುತಿಸಿಯೇ ಇರಲಿಲ್ಲ. ತಡೆ-ಪಂಪನ್ನು ದಿನವೂ ಬಳಸುವವರು ಶೇ. 2.5ಕ್ಕಿಂತ ಕಡಿಮೆ. ಜಗತ್ತಿನ ಅಸ್ತಮಾ ರೋಗಿಗಳಲ್ಲಿ ಭಾರತದವರು ಸುಮಾರು ಶೇ. 13, ಅಸ್ತಮಾ ಸಾವುಗಳಲ್ಲಿ ನಮ್ಮ ಪಾಲು ಶೇ. 40ಕ್ಕೂ ಹೆಚ್ಚು ಎಂದು ಅಂದಾಜು. ಈ ಎರಡು ಅಂಕೆಗಳ ನಡುವಿನ ಕಂದಕದಲ್ಲಿ ಬಿದ್ದವರು ಪಂಪ್ ಸಿಗದವರು, ಪಂಪ್ ಯಾರೂ ಬರೆದುಕೊಡದವರು, ಬರೆದುಕೊಟ್ಟರೂ ಬಿಟ್ಟವರು. ನೂರಕ್ಕೆ ಮೂವರೂ ತಡೆ-ಪಂಪ್ ಬಳಸದ ದೇಶದಲ್ಲಿ ನಿಂತು ‘ಪಂಪ್ ಬಿಡಿ’ ಎಂದು ಬೋರ್ಡು ಹಾಕುವುದು ಎಂಥ ಮಾತು?

ಅಂಗಾಲಿನ ನಕ್ಷೆ ಇನ್ನೊಂದು ಕೆಲಸವನ್ನೂ ಸದ್ದಿಲ್ಲದೆ ಮಾಡುತ್ತದೆ. ದೋಷ ನಿಮ್ಮ ದೇಹದಲ್ಲಿದೆ, ಎಲ್ಲೋ ಒಂದು ಬಿಂದು ‘ಬ್ಲಾಕ್’ ಆಗಿದೆ ಎಂದು ನಂಬಿಸಿ, ಕಣ್ಣನ್ನು ಗಾಳಿಯಿಂದ ಕಾಲಿಗೆ ಇಳಿಸುತ್ತದೆ. ಬೆಂಗಳೂರಿನ ಮಕ್ಕಳ ವೈದ್ಯ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ 20,000 ಮಕ್ಕಳ ಲೆಕ್ಕ ಇಟ್ಟಿದ್ದರು. 1979ರಲ್ಲಿ ಅವರಲ್ಲಿ ಶೇ. 9ರಷ್ಟು ಮಕ್ಕಳಿಗೆ ಅಸ್ತಮಾ, 1999ರಲ್ಲಿ ಶೇ. 29.5. ಇಪ್ಪತ್ತು ವರ್ಷದಲ್ಲಿ ಬೆಂಗಳೂರಿನ ಮಕ್ಕಳ ಅಂಗಾಲು ಬದಲಾಗಲಿಲ್ಲ, ರಸ್ತೆಯ ಮೇಲಿನ ವಾಹನ ಬದಲಾದವು, ಮನೆಗಳು ಬದಲಾದವು. ಇಲ್ಲಿ ಪಿರಾಣಾದ ಕಸದ ಗುಡ್ಡ, ನಾರೋಲ್ ವಟವಾದ ಕಾರ್ಖಾನೆಗಳು, ಎಲ್ಲೆಲ್ಲೂ ಕಟ್ಟಡದ ಧೂಳು. ಗಾಳಿಗೆ ಮದ್ದಿಲ್ಲ ಎಂದೇನಲ್ಲ. ಅಹಮದಾಬಾದ್ ನಗರಪಾಲಿಕೆ 2017ರಲ್ಲಿ ಗಾಳಿ ಕೆಡುವ ದಿನಗಳ ಮುನ್ನೆಚ್ಚರಿಕೆ ಕೊಡುವ ಯೋಜನೆ ತಂದಿತು. ಸೂರತ್ತಿನಲ್ಲಿ 2019ರಿಂದ ಕಾರ್ಖಾನೆಗಳ ಹೊಗೆಕಣಕ್ಕೆ ಮಿತಿ ಹಾಕಿ, ಮಿತಿಗಿಂತ ಕಡಿಮೆ ಉಗುಳಿದವರು ಉಳಿಸಿದ್ದನ್ನು ಮಾರಿಕೊಳ್ಳಬಹುದು ಎಂಬ ವ್ಯವಸ್ಥೆ ಬಂದು, ಅದರಲ್ಲಿ ಸೇರಿದ ಕಾರ್ಖಾನೆಗಳ ಹೊಗೆಕಣ ಶೇ. 20ರಿಂದ 30ರಷ್ಟು ಇಳಿಯಿತು. ಉಸಿರಿನ ಬಗ್ಗೆ ಊರು ಒಟ್ಟಾಗಿ ಮಾಡಬಹುದಾದ ಕೆಲಸ ಅಂದರೆ ಇಂಥದ್ದು.

ಹಾಗಾಗಿ ನನ್ನ ಬೇಡಿಕೆಗಳು ಚಿಕ್ಕವು. ಒತ್ತುವವರೇ, ಒತ್ತಿ, ನೋವಿಗೆ, ದಣಿವಿಗೆ, ಒಂಟಿತನಕ್ಕೆ ಒತ್ತಿ, ಫೀ ತೆಗೆದುಕೊಳ್ಳಿ. ಬೋರ್ಡಿನಿಂದ ಆ ಎರಡು ಪದ ಅಳಿಸಿ. ಅಸ್ತಮಾದವರು ಬಂದರೆ ‘ಪಂಪ್ ತಂದಿದ್ದೀರಾ?’ ಎಂದು ಮೊದಲು ಕೇಳಿ. ಡಾಕ್ಟರೇ, ನಿಮ್ಮ ಮೂರು ನಿಮಿಷದಲ್ಲಿ ಒಂದು ನಿಮಿಷ ಪಂಪ್ ಬಳಸುವುದನ್ನು ಕೈಹಿಡಿದು ತೋರಿಸಿ. ಹನ್ನೆರಡು ವರ್ಷ ದಾಟಿದವರಿಗೆ ಬರೀ ತಾತ್ಕಾಲಿಕ ಪಂಪ್ ಬರೆದು ಕಳಿಸಬಾರದು ಎಂದು ಜಾಗತಿಕ ಮಾರ್ಗಸೂಚಿ 2019ರಿಂದ ಹೇಳುತ್ತಿದೆ, ಅದನ್ನು ಓದಿ. ಮತ್ತು ನಾವು, ಕನ್ನಡದ ವಾಟ್ಸ್ಯಾಪ್ ಗುಂಪುಗಳಲ್ಲಿ ಪಾದದ ಚಿತ್ರ ಫಾರ್ವರ್ಡ್ ಮಾಡುವವರು, ಮುಂದಿನ ಸಲ ಬೆರಳು ತಡೆದು, ಆ ಸಾಲಿನಲ್ಲಿ ದಮ್ಮು ಇದೆಯಾ ಎಂದು ನೋಡಿಕೊಳ್ಳೋಣ.

ಕೈಗೆ ಕೆಲಸವೇ ಇಲ್ಲವೇ ಅಂದರೆ, ಇದೆ. ದಾಳಿ ಬಂದಾಗ ಮಲಗಿಸಬೇಡಿ, ನೆಟ್ಟಗೆ ಕೂರಿಸಿ. ಕತ್ತಿನ ಗುಂಡಿ ಬಿಚ್ಚಿ. ತುರ್ತಿನ ಪಂಪನ್ನು ಸ್ಪೇಸರಿಗೆ ಸಿಕ್ಕಿಸಿ ಒಂದು ಸಲ ಒತ್ತಿ, ನಾಲ್ಕು ಉಸಿರು ಎಳೆಯಲು ಬಿಡಿ. ಹೀಗೆ ನಾಲ್ಕು ಸಲ. ನಾಲ್ಕು ನಿಮಿಷ ನೋಡಿ. ಕಡಿಮೆಯಾಗದಿದ್ದರೆ ಇನ್ನೊಮ್ಮೆ ಅಷ್ಟೇ, ಆಗಲೂ ಇಲ್ಲದಿದ್ದರೆ 108. ಮಾತಾಡಲಾಗದಷ್ಟು ಉಸಿರು ಕಟ್ಟಿದ್ದರೆ, ತುಟಿ ನೀಲಿಯಾಗಿದ್ದರೆ ಕಾಯಬೇಡಿ, ಮೊದಲೇ ಫೋನ್ ಮಾಡಿ, ಆಂಬುಲೆನ್ಸ್ ಬರುವವರೆಗೂ ಪಂಪ್ ಕೊಡುತ್ತಿರಿ. ಅಷ್ಟು ಹೊತ್ತೂ ನಿಮ್ಮ ಒಂದು ಕೈ ಸ್ಪೇಸರ್ ಹಿಡಿದಿರಲಿ, ಇನ್ನೊಂದು ಅವರ ಬೆನ್ನ ಮೇಲಿರಲಿ.